ಎಲೆಯಿಲ್ಲದ ಹೂಗಳು

ಅಂಡಮಾನಿನ ಚಿಡಿಯಾ ಟಾಪುವಿನಲ್ಲಿ ನಾನು ತೆಗೆದ ಹೂಗಳ ಫೋಟೋಗಳನ್ನು ನೋಡಿದವರೆಲ್ಲ ಮೆಚ್ಚಿದರು. ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಹಿರಿಯರೊಬ್ಬರು ಮಾತ್ರ ಎಲ್ಲವನ್ನೂ ನಿಧಾನವಾಗಿ ನೋಡಿ, "ಹೂವೇನೋ ಚೆನ್ನಾಗಿದೆ ಕಣಯ್ಯಾ, ಎಲೆ ಎಲ್ಲಿ?" ಎಂದರು. ಒಂದರಲ್ಲೂ ಎಲೆ ಇರಲಿಲ್ಲ.

ಪೋರ್ಟ್ ಬ್ಲೇರ್‌ನಿಂದ (2024ರಿಂದ ಅದು ಶ್ರೀ ವಿಜಯ ಪುರಂ) ದಕ್ಷಿಣಕ್ಕೆ ಸುಮಾರು 25 ಕಿ.ಮೀ. ಹೋದರೆ ಚಿಡಿಯಾ ಟಾಪು. ಅಲ್ಲಿಯ ಗಡಿಯಾರ ನಮ್ಮದೇ, ಆದರೆ ಹೊತ್ತು ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮೊದಲೇ ಹುಟ್ಟಿ ಮೊದಲೇ ಮುಳುಗುತ್ತದೆ. ಮಧ್ಯಾಹ್ನ ಮೂರೂವರೆಗೆಲ್ಲ ಮರದಡಿ ಮಬ್ಬು. ಬೆಳಕು ಸಾಲದೆಂದು ಮ್ಯಾಕ್ರೊ ಲೆನ್ಸನ್ನು ಎಫ್ 2.8ಕ್ಕೆ ತೆರೆದಿಟ್ಟೆ. ಹೂವಿಗೆ ಅಷ್ಟು ಹತ್ತಿರ ಹೋದಾಗ ಆ ತೆರಪಿನಲ್ಲಿ ಸ್ಪಷ್ಟವಾಗಿ ಮೂಡುವುದು ಅರ್ಧ ಮಿಲಿಮೀಟರಿಗೂ ಕಡಿಮೆ ಆಳ. ನಿಜ ಹೇಳಬೇಕೆಂದರೆ ಬೆಳಕು ಅರ್ಧ ನೆಪ. ಹಿನ್ನೆಲೆಯೆಲ್ಲ ಹಸಿರಾಗಿ ಕರಗಿಹೋದ ಚಿತ್ರವೇ ನನಗೆ ಬೇಕಿತ್ತು.

ಒಂದು ಬಿಳಿ ಹೂಗೊಂಚಲು ಈಗಲೂ ಕಾಡುತ್ತದೆ. ತೆಳ್ಳಗಿನ ಉದ್ದ ಕೊಳವೆ, ತುದಿಯಲ್ಲಿ ನಾಲ್ಕು ಎಸಳು, ನಮ್ಮ ಗುಡ್ಡಗಳ ಕೇಪಳದ ಹಾಗೆಯೇ. ಕೇಪಳದ ಬಳಗದ್ದೇ ಇರಬಹುದು, ಅದರ ಹತ್ತಿರದ ನಂಟ ಪಾವೆಟ್ಟಾ ಕೂಡ ಇರಬಹುದು. ಪಾವೆಟ್ಟಾದ ಶಲಾಕೆ ಹೂವಿನಿಂದ ಬಹಳ ಹೊರಕ್ಕೆ ಚಾಚಿರುತ್ತದೆ. ನನ್ನ ಚಿತ್ರದಲ್ಲಿ ಆ ಭಾಗವೇ ಮಸುಕು. ಪಾವೆಟ್ಟಾದ ಹಲವು ಜಾತಿಗಳ ಎಲೆಯನ್ನು ಬೆಳಕಿಗೆ ಹಿಡಿದರೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಬ್ಯಾಕ್ಟೀರಿಯಾ ಮನೆ ಮಾಡಿಕೊಂಡ ಪುಟ್ಟ ಗಂಟುಗಳು ಅವು. ಒಂದೇ ಒಂದು ಎಲೆಯ ಫೋಟೋ ಇದ್ದಿದ್ದರೆ ಹಿರಿಯರು ಏನಾದರೂ ಹೇಳಬಹುದಿತ್ತು. ಬೇರೆಲ್ಲೂ ಇಲ್ಲದ ಗಿಡಗಳು ದ್ವೀಪಗಳಲ್ಲಿರುತ್ತವೆ. ಅಂಥದ್ದೊಂದರ ಮುಂದೆ ಮಂಡಿಯೂರಿ ಕೂತಿದ್ದೆನೋ ಏನೋ.

ಚಿಟ್ಟೆಗಳಲ್ಲೂ ಇದೇ ಕಥೆ. ಗಂಡು ಅಂಡಮಾನ್ ಮಾರ್ಮನ್ ಸಿಕ್ಕಿತು: ಕಪ್ಪು ಮೈ, ಹಿಂದಿನ ರೆಕ್ಕೆಗೆ ತಿಳಿನೀಲಿ ಪಟ್ಟೆ, ಅಂಡಮಾನ್ ಬಿಟ್ಟು ಬೇರೆಲ್ಲೂ ಇಲ್ಲದ್ದು. ಅದರ ಗುರುತಿಗೆ ತೊಂದರೆಯಿಲ್ಲ. ಬೆರಳುಗುರಿನಷ್ಟಿದ್ದ ನೀಲಿ ಚಿಟ್ಟೆಯದ್ದೇ ಪೇಚು. ಅದು ರೆಕ್ಕೆ ಮಡಚಿ ಕೂತಿತ್ತು. ನೀಲಿ ಕಾಣಲಿ ಎಂದು ಬಿಚ್ಚುವವರೆಗೆ ಉಸಿರು ಬಿಗಿಹಿಡಿದು ಕಾದೆ. ಬಿಚ್ಚಿದಾಗ ತೆಗೆದೆ, ಹಾರಿಹೋಯಿತು. ಅದರ ಕುಟುಂಬದಲ್ಲಿ ಮೇಲ್ಮೈ ನೀಲಿ ಎಷ್ಟೋ ಜಾತಿಗಳಿಗೆ ಇದೆ. ಒಂದರಿಂದ ಇನ್ನೊಂದನ್ನು ಬೇರೆ ಮಾಡುವುದು ಹೆಚ್ಚಾಗಿ ಕೆಳಮೈಯ ಗೆರೆ, ಚುಕ್ಕೆಗಳು. ಕಾಯುತ್ತಿದ್ದಷ್ಟು ಹೊತ್ತೂ ಕಣ್ಣೆದುರಿಗಿದ್ದುದು ಆ ಗೆರೆ ಚುಕ್ಕೆಗಳೇ, ನಾನು ಕ್ಲಿಕ್ಕಿಸಲಿಲ್ಲ.

ಬೆಂಗಳೂರಿನ ಎನ್‌ಸಿಬಿಎಸ್‌ನ ವಿಜ್ಞಾನಿ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು ನಡೆಸುವ 'ಬಟರ್‌ಫ್ಲೈಸ್ ಆಫ್ ಇಂಡಿಯಾ' ತಾಣದಲ್ಲಿ ನಮ್ಮಂಥ ಹವ್ಯಾಸಿಗಳ ಚಿತ್ರಗಳೂ ದಾಖಲೆಯಾಗುತ್ತವೆ. ಆ ನೀಲಿ ಚಿಟ್ಟೆಯನ್ನು ಹೆಸರಿಲ್ಲದೆ ಅಲ್ಲಿಗೆ ಹೇಗೆ ಕಳಿಸಲಿ?

ದ್ವೀಪಕ್ಕೆ ಕ್ಯಾಮೆರಾ ಹಿಡಿದು ಹೊರಟವರಲ್ಲಿ ನನ್ನದೊಂದು ಕೋರಿಕೆ. ನಿಮಗಿಷ್ಟವಾದ ಚಿತ್ರವನ್ನು ಮನಸಾರೆ ತೆಗೆಯಿರಿ. ಆಮೇಲೆ ಅಪರ್ಚರನ್ನು ಎಫ್ 11ಕ್ಕೆ ಇಳಿಸಿ, ಪುಟ್ಟ ಫ್ಲ್ಯಾಶ್ ಹಾಕಿ ಹೂವನ್ನು ಪಕ್ಕದಿಂದ ತೆಗೆಯಿರಿ. ಎಲೆಗಳು ಕಾಂಡಕ್ಕೆ ಎದುರುಬದುರಾಗಿ ಕೂಡಿವೆಯೋ, ಒಂದು ಬಿಟ್ಟು ಒಂದೋ ಎಂಬುದು ಕಾಣಲಿ. ಚಿಟ್ಟೆ ರೆಕ್ಕೆ ಮಡಚಿದಾಗಲೇ ಒಂದು ಕ್ಲಿಕ್ ಇರಲಿ. ಎಲೆಯನ್ನು ಮಾತ್ರ ಕೀಳಬೇಡಿ. ಗಿಡದಲ್ಲಿದ್ದ ಹಾಗೆಯೇ ಮೆಲ್ಲಗೆ ಹೊರಳಿಸಿ, ಅದರ ಬೆನ್ನನ್ನೂ ತೆಗೆಯಿರಿ.