ಮನೆಗೊಂದು ಜಾಗ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಆ ಗಾದೆಯ ಯಜಮಾನನಿಗೆ ನೆಲವಾದರೂ ಇದ್ದಿತು. ಅವನ ಚಿಂತೆಯೆಲ್ಲ ಕಲ್ಲು, ಮರ, ಹಣಗಳದು. ನೆಲವೇ ಇಲ್ಲದವನ ಪಾಡು ಗಾದೆಗೂ ನಿಲುಕಲಿಲ್ಲ. ತಿರುನೆಲ್ಲಿಯನ್ನು ನೋಡಿದಾಗ ನಮಗೆ ತೋರಿದ ಮಾತು ಇದು.

ಹೊಯ್ಸಳರ ಶಾಸನಗಳು 'ಬಯಲ್ನಾಡು' ಎಂದು ಕರೆದ ವಯನಾಡಿನಲ್ಲಿ, ಬ್ರಹ್ಮಗಿರಿಯ ತಪ್ಪಲಿನಲ್ಲಿ ಈ ಊರಿದೆ. ಬೆಟ್ಟದಲ್ಲಿ ಕಾಡು, ಇಳಿಜಾರಿನಲ್ಲಿ ಕಾಫಿತೋಟ, ತಗ್ಗಿನಲ್ಲಿ ಬತ್ತದ ಗದ್ದೆ. ಯಾತ್ರಿಕನ ಕಣ್ಣಿಗೆ ಇದು ಚೆಲುವು. ಮನೆಗೆ ಜಾಗ ಅರಸುವವನಿಗೆ ಮೂರು ಬೇಲಿಗಳು. ಕಾಡಿಗೆ ಅರಣ್ಯದ ಕಾನೂನು ಇದೆ. 1963ರ ಕೇರಳ ಭೂಸುಧಾರಣಾ ಕಾನೂನು ತೋಟಗಳನ್ನು ಭೂಮಿತಿಯಿಂದ ಹೊರಗಿರಿಸಿತು. ದೊಡ್ಡ ತೋಟವನ್ನು ಒಡೆದು ನಿವೇಶನ ಮಾಡಿದರೆ ಆ ವಿನಾಯಿತಿ ತಪ್ಪುತ್ತದೆ. ಗದ್ದೆಯನ್ನು ಕಾಯಲು 2008ರ ಗದ್ದೆ ಮತ್ತು ಜೌಗುನೆಲ ಸಂರಕ್ಷಣಾ ಕಾನೂನು ಬಂದಿತು.

ಈ ಕಾವಲು ಬೇಡವೆಂದು ನಾವು ಹೇಳಲಾರೆವು. ಗದ್ದೆಯು ಅನ್ನವನ್ನು ಕೊಡುವುದಲ್ಲದೆ ಮಳೆನೀರನ್ನು ತಡೆದು ಬಾವಿಗಳಿಗೆ ಊಡುತ್ತದೆ. ಬೆಟ್ಟದಡಿಯ ವಾಸದ ಅಪಾಯವನ್ನು 2024ರ ಜುಲೈ 30ರಂದು ಇದೇ ಜಿಲ್ಲೆಯ ಮುಂಡಕ್ಕೈ, ಚೂರಲ್‌ಮಲೆಗಳು ಕಂಡವು. ಕಟ್ಟಬಾರದ ಕಡೆ ಕಟ್ಟಬಾರದು ಎಂಬುದು ನಿರ್ವಿವಾದ. ಆದರೆ ಕಟ್ಟಬಹುದಾದ ನೆಲ ಕಿರಿದಾದಷ್ಟೂ ಅದರ ಬೆಲೆ ಏರುತ್ತದೆ. ಆ ಬೆಲೆಯನ್ನು ತೆರುವವರು ಯಾರು?

2008ರ ಕಾನೂನಿನಲ್ಲಿ ದಯೆಯ ಒಂದು ಬಾಗಿಲುಂಟು. ಮನೆಗೆ ತಕ್ಕ ಬೇರೆ ನೆಲವಿಲ್ಲದ ಗದ್ದೆಯ ಒಡೆಯನು ಪಂಚಾಯತಿಯ ಪ್ರದೇಶದಲ್ಲಿ ಸುಮಾರು 10 ಸೆಂಟ್ಸ್ ಗದ್ದೆಯಲ್ಲಿ ಮನೆ ಕಟ್ಟಲು ಅನುಮತಿ ಬೇಡಬಹುದು. ಆದರೆ ಅದೇ ಗದ್ದೆಯಲ್ಲಿ ತಲೆತಲಾಂತರದಿಂದ ಜೀತವಿದ್ದು ನೆಟ್ಟು ಕೊಯ್ದ ಅಡಿಯರಿಗೂ ಪಣಿಯರಿಗೂ ಗದ್ದೆಯೇ ಇಲ್ಲದಿದ್ದರೆ, ಈ ಬಾಗಿಲು ತೆರೆಯುವುದಾದರೂ ಹೇಗೆ? ಒಡೆಯನ ನೆಲದಲ್ಲಿ ಗುಡಿಸಲು ಹಾಕಿಕೊಂಡಿದ್ದವರಿಗೆ ಭೂಸುಧಾರಣೆಯು ಪಂಚಾಯತಿಗಳಲ್ಲಿ 10 ಸೆಂಟ್ಸ್‌ವರೆಗೆ ಕೊಳ್ಳುವ ಹಕ್ಕನ್ನು ಕೊಟ್ಟಿತ್ತು. ಅಳತೆ ಒಂದೇ. ಆದರೆ ಗದ್ದೆಯ ಒಡೆಯನಿಗೆ ಅದು ಆಸ್ತಿಯ ಒಂದು ಮೂಲೆ. ಗುಡಿಸಲಿನವನಿಗೆ ಇಡೀ ಲೋಕ. ಮಕ್ಕಳು ಮೊಮ್ಮಕ್ಕಳಾದಂತೆ ಸಂಸಾರ ಬೆಳೆಯಬಹುದು, ಆ 10 ಸೆಂಟ್ಸ್ ಬೆಳೆಯದು.

ಆದಕಾರಣ, ಎಲ್ಲಿ ಕಟ್ಟಬಾರದೆಂದು ಹೇಳುವ ಯೋಜನೆಯು ಎಲ್ಲಿ ಕಟ್ಟಬಹುದೆಂಬುದನ್ನೂ ಹೇಳಿದಾಗಲೇ ಪೂರ್ಣವಾಗುತ್ತದೆ. ಕಾಡು, ಗದ್ದೆ, ತೋಟಗಳ ಗಡಿ ಗುರುತಿಸುವ ಕೈಯೇ ನೆಲವಿಲ್ಲದವರ ನಿವೇಶನಕ್ಕೂ ಗಟ್ಟಿಯಾದ, ನೀರುಳ್ಳ, ದಾರಿಯುಳ್ಳ ನೆಲವನ್ನು ಮೊದಲೇ ಗುರುತಿಸಿಡಬೇಕು. ನಮ್ಮ ವಿದ್ಯಾರ್ಥಿಗಳು ತಮ್ಮ ಊರಿನ ನಕ್ಷೆಯನ್ನು ಬರೆಯುವಾಗ, ಗದ್ದೆ ಯಾರದೆಂದು ಕೇಳುವುದರ ಜೊತೆಗೆ ಅದನ್ನು ನೆಟ್ಟವರ ಮನೆ ಎಲ್ಲಿದೆಯೆಂದೂ ಕೇಳಲಿ.