ಕೃತಜ್ಞತೆಯ ಕಾಗುಣಿತ

ಭಾನುವಾರ ಲುಹರ್ ನಮಾಝ್ ಮುಗಿಸಿ ಅಸರ್‌ನ ಬಾಂಗ್ ಕೇಳುವ ತನಕ ನಮ್ಮ ಇಂಗ್ಲಿಷ್ ತರಗತಿ. ನಾವೆಂದರೆ ಮೂವರು ಹೆಂಗಸರು. ಒಬ್ಬರು ನಿವೃತ್ತ ಶಿಕ್ಷಕಿ, ಒಬ್ಬರು ಬಿ.ಎಡ್. ಮುಗಿಸಿಯೂ ಮನೆಯಲ್ಲೇ ಉಳಿದವರು, ಇನ್ನೊಬ್ಬರು ಗಂಡನ ಅಂಗಡಿಯ ಲೆಕ್ಕ ಬರೆಯುವವರು. ಕಲಿಯಲು ಬರುವವರು ಕರಾವಳಿಯ ಈ ಸಣ್ಣ ಪೇಟೆಯ ಕನ್ನಡ ಮಾಧ್ಯಮದ ಹನ್ನೆರಡು ಹುಡುಗಿಯರು. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ. ಐದನೆಯದಾಗಿ ಬಂದ ಇಂಗ್ಲಿಷ್ ಮಾತ್ರ ಯಾಕೋ ಅವರಿಗೆ ಭಯ.

ಗೊಂದಲ ಹುಟ್ಟಿಸುವ ಜೋಡಿ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿ ನಾವು ಸೋತಿದ್ದೆವು. ಕೊನೆಗೆ ಒಂದು ಉಪಾಯ ಹೊಳೆಯಿತು. ಆ ವಾರ ತಮಗೆ ಉಪಕಾರ ಮಾಡಿದ ಒಬ್ಬರ ಬಗ್ಗೆ ಮೂರು ವಾಕ್ಯ ಬರೆದು ತರಬೇಕು. ಬರೀ ‘ಥ್ಯಾಂಕ್ ಯೂ’ ಎಂದರೆ ಸಾಲದು, ಅವರು ಮಾಡಿದ್ದೇನು ಎಂದು ಬರೆಯಬೇಕು. ತಪ್ಪುಗಳು ತಾವಾಗಿಯೇ ಬರುತ್ತವೆ, ಆಗ ಕಲಿಸಿದರಾಯಿತು.

ಬಂದವು, ಧಾರಾಳವಾಗಿ. ಮೊದಲ ವಾರವೇ ಒಂಬತ್ತು ಪುಸ್ತಕಗಳಲ್ಲಿ ‘ಗ್ರೇಟ್‌ಫುಲ್’ ಪದ ಜಿ, ಆರ್, ಇ, ಎ, ಟಿ ಎಂದು ಶುರುವಾಗಿತ್ತು. ಅದು ದೊಡ್ಡವರೆಂಬ ಅರ್ಥದ ಗ್ರೇಟ್. ಬೇಕಾದದ್ದು ಜಿ, ಆರ್, ಎ, ಟಿ, ಇ. ಹಿತವಾದದ್ದು, ಮೆಚ್ಚುಗೆಯಾದದ್ದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ದೊಡ್ಡಸ್ತಿಕೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳಿದೆವು. ಥ್ಯಾಂಕ್ ಮತ್ತು ಥಿಂಕ್ ಒಂದೇ ಬೇರಿನವು ಎಂದಾಗ ಹುಡುಗಿಯರಿಗೆ ಖುಷಿಯಾಯಿತು. ನಮ್ಮಲ್ಲೂ ಉಪಕಾರವನ್ನು ನೆನೆಯುವುದು ಎಂದೇ ತಾನೇ ಹೇಳುವುದು?

ಇಂಗ್ಲಿಷೊಂದೇ ಕಾಲೆಳೆಯುತ್ತದೆ ಎಂದುಕೊಳ್ಳಬೇಡಿ. ಒಬ್ಬಳು ಶಾಲೆಯ ಬೀಳ್ಕೊಡುಗೆ ಸಭೆಯಲ್ಲಿ ‘ಗುರುಗಳಿಗೆ ನಾವು ಎಂದೆಂದಿಗೂ ಕೃತಘ್ನರು’ ಎಂದು ಓದಿ ಬಂದಿದ್ದಳು. ಯಾರೂ ನಗಲಿಲ್ಲವಂತೆ. ಬಹುಶಃ ಯಾರೂ ಕೇಳಿಸಿಕೊಂಡಿರಲಿಲ್ಲ! ಮಾಡಿದ್ದನ್ನು ಬಲ್ಲವನು ಕೃತಜ್ಞ, ಮಾಡಿದ್ದನ್ನು ಕೊಲ್ಲುವವನು ಕೃತಘ್ನ. ಒಂದು ಒತ್ತಕ್ಷರ ತಪ್ಪಿದರೆ ಕೊಲೆ. ಅರಬಿಯಲ್ಲಿ ಶುಕ್ರ್‌ಗೆ ಎದುರಾಗಿ ನಿಲ್ಲುವ ಕುಫ್ರ್ ಪದದ ಮೂಲಾರ್ಥ ಮುಚ್ಚುವುದು. ಪಡೆದ ಉಪಕಾರವನ್ನು ಮರೆಮಾಚುವುದೂ ಅದರಲ್ಲಿ ಸೇರಿದೆ. ಮದ್ರಸದಲ್ಲಿ ನಿತ್ಯ ಕೇಳುವ ಪದವೊಂದು ಇಂಗ್ಲಿಷ್ ತರಗತಿಯಲ್ಲಿ ಹೀಗೆ ಎದುರಾದಾಗ ಮಕ್ಕಳು ಕಣ್ಣರಳಿಸಿದರು.

ಒಂದು ವಾರ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ‘ನನ್ನ ಉಮ್ಮನಿಗೆ ನನ್ನ ಗ್ರಾಚ್ಯುಟಿ’ ಎಂಬರ್ಥದ ವಾಕ್ಯ ಬರೆದು ತಂದಳು. ಬೇಕಿದ್ದದ್ದು ಗ್ರ್ಯಾಟಿಟ್ಯೂಡ್. ನಮಗೆ ನಗು ಬಂತು, ಆದರೆ ಅವಳ ತಪ್ಪಿಗೆ ಕಾರಣವಿತ್ತು. ಅವಳ ಉಮ್ಮ ಬೀಡಿ ಕಟ್ಟುವವರು. ಬೀಡಿಯ ಮನೆಗಳಲ್ಲಿ ಪಿ.ಎಫ್., ಗ್ರಾಚ್ಯುಟಿ ಎಂಬ ಮಾತುಗಳು ಎಲೆ, ಹೊಗೆಸೊಪ್ಪು, ನೂಲಿನಷ್ಟೇ ಪರಿಚಿತ. ಎರಡೂ ಪದಗಳ ಬೇರು ಒಂದೇ ಎಂದು ವಿವರಿಸಿದೆವು. ಮೊದಲು ಗ್ರಾಚ್ಯುಟಿ ಎಂದರೆ ಧಣಿ ಮೆಚ್ಚಿ ಕೊಡುವ ಇನಾಮು. ನಮ್ಮ ದೇಶದಲ್ಲಿ 1972ರ ಕಾಯ್ದೆ ಅದನ್ನು ಕೆಲಸಗಾರರ ಹಕ್ಕಾಗಿಸಿತು. ಈಗ ಅದು ಧಣಿಯ ದಯೆಯಲ್ಲ.

“ಹಾಗಾದರೆ ಗ್ರಾಚ್ಯುಟಿ ಸಿಕ್ಕಿದಾಗ ಉಮ್ಮ ಥ್ಯಾಂಕ್ಸ್ ಹೇಳಬೇಕಾ ಟೀಚರ್?”

ಈ ಪ್ರಶ್ನೆಗೆ ನಾವು ಮೂವರೂ ಮೂರು ಉತ್ತರ ಕೊಟ್ಟೆವು.

ಅದಕ್ಕೆ ಕೆಲವು ತಿಂಗಳ ಹಿಂದಿನ ಒಂದು ಸಂಗತಿಯನ್ನು ಇಲ್ಲಿ ಹೇಳಿಬಿಡಬೇಕು. ಊರಿನ ಸಮಾರಂಭವೊಂದರಲ್ಲಿ ದಾನಿಗಳು ಮಕ್ಕಳಿಗೆ ಚೀಲ, ಪುಸ್ತಕ ಹಂಚಿದ್ದರು. ಒಬ್ಬೊಬ್ಬಳಾಗಿ ವೇದಿಕೆ ಹತ್ತಿ, ಚೀಲ ಹಿಡಿದು, ಫೋಟೊಗೆ ನಿಂತು, ಇಂಗ್ಲಿಷಿನಲ್ಲಿ ‘ನಾವು ನಿಮಗೆ ಒಬ್ಲೈಜ್ಡ್ ಆಗಿದ್ದೇವೆ’ ಎನ್ನಬೇಕಿತ್ತು. ಆ ವಾಕ್ಯ ಕಲಿಸಿದ್ದು ನಾವೇ. ಉಚ್ಚಾರಣೆ ಚೆನ್ನಾಗಿತ್ತೆಂದು ಎಲ್ಲರೂ ಹೊಗಳಿದರು, ನಾವೂ ಬೀಗಿದೆವು. ಒಬ್ಲೈಜ್ಡ್ ಎಂಬ ಪದದ ಮೂಲದಲ್ಲಿರುವುದು ಕಟ್ಟುವ ಅರ್ಥ. ಗ್ರೇಟ್‌ಫುಲ್ ಎಂದರೆ ಮನಸ್ಸು ತುಂಬಿದವರು, ಒಬ್ಲೈಜ್ಡ್ ಎಂದರೆ ಕಟ್ಟಿಹಾಕಲ್ಪಟ್ಟವರು. ಈ ಎರಡನ್ನು ಗೊಂದಲ ಮಾಡಿಕೊಂಡದ್ದು ಮಕ್ಕಳಲ್ಲ, ಕಲಿಸಿದ ನಾವು.

ಇದು ನಮಗೆ ಗೊತ್ತಾದದ್ದು ತಡವಾಗಿ, ಇನ್ನೊಂದು ತಪ್ಪಿನ ನೆಪದಲ್ಲಿ. ಅದೇ ಹುಡುಗಿ ಮುಂದಿನ ವಾರ ಬರೆದಿದ್ದಳು: ನನ್ನ ಕನ್ನಡಕಕ್ಕಾಗಿ ಉಮ್ಮ ಪಕ್ಕದ ಮನೆಯ ಅಕ್ಕನಿಗೆ ಎರಡು ಸಾವಿರ ರೂಪಾಯಿ ‘ಲೆಂಡ್’ ಮಾಡಿದರು. ನಮಗಿದು ಹಳೆಯ ರೋಗ. ಕನ್ನಡದಲ್ಲಿ ಸಾಲ ಕೊಟ್ಟರೂ ಸಾಲ, ತೆಗೆದುಕೊಂಡರೂ ಸಾಲ. ಇಂಗ್ಲಿಷಿನಲ್ಲಿ ಕೈಯಿಂದ ಹೋದರೆ ಲೆಂಡ್, ಕೈಗೆ ಬಂದರೆ ಬಾರೋ. ನಾವು ಬೋರ್ಡಿನಲ್ಲಿ ಎರಡು ಕೈಗಳ ಚಿತ್ರ ಬರೆದು, ಬಾಣ ಎಳೆದು, ಉತ್ಸಾಹದಿಂದ ವಿವರಿಸಿದೆವು. ಅವಳು ತಲೆಯೆತ್ತಲಿಲ್ಲ. ತರಗತಿ ಮುಗಿದ ಮೇಲೆ ಬಳಿಗೆ ಬಂದಳು.

“ನನಗೆ ಗೊತ್ತಿತ್ತು ಟೀಚರ್. ಗೊತ್ತಿದ್ದೇ ಬರೆದೆ.”

“ಯಾಕೆ ಮಗಳೇ?”

“ಎಲ್ಲರೆದುರು ಓದಬೇಕಲ್ಲ. ಪ್ರತಿ ಸಲ ತೆಗೆದುಕೊಳ್ಳುವವರು ನಾವೇ ಆದರೆ?”

ನಮ್ಮಲ್ಲಿ ಯಾರಿಗೂ ತಕ್ಷಣ ಮಾತು ಹೊರಡಲಿಲ್ಲ. ವೇದಿಕೆಯ ಮೇಲೆ ಚೀಲ ಹಿಡಿದು ನಿಂತವರ ಸಾಲಿನಲ್ಲಿ ಅವಳೂ ಇದ್ದಳು.

ಮುಂದಿನ ಭಾನುವಾರ ಪದಗಳ ಪಾಠ ಬಿಟ್ಟು ಕುಳಿತೆವು. ಕುರ್‌ಆನಿನ 76ನೇ ಅಧ್ಯಾಯದಲ್ಲಿ ಬಡವರಿಗೂ ಅನಾಥರಿಗೂ ಸೆರೆಯಾಳುಗಳಿಗೂ ಉಣಿಸಿ, ಅವರಿಂದ ಪ್ರತಿಫಲವನ್ನಾಗಲಿ ಕೃತಜ್ಞತೆಯನ್ನಾಗಲಿ ಬಯಸದವರ ಪ್ರಸ್ತಾಪವಿದೆ. ಅಲ್ಲಿರುವುದೂ ಶುಕ್ರ್‌ನ ಬೇರಿನ ಪದವೇ. ಉಳ್ಳವರ ಸಂಪತ್ತಿನಲ್ಲಿ ಇಲ್ಲದವರಿಗೆ ಹಕ್ಕಿದೆ ಎಂಬ ಮಾತಂತೂ ಮಕ್ಕಳು ಮದ್ರಸದಲ್ಲಿ ಕಲಿತದ್ದೇ. ಆದರೂ ಅದನ್ನು ಆ ಸಮಾರಂಭದ ಜೊತೆ ಇಟ್ಟು ನೋಡಲು ಅವರಿಗೂ ಹೊಳೆದಿರಲಿಲ್ಲ, ನಮಗೂ ಹೊಳೆದಿರಲಿಲ್ಲ. ಕೊಡುವವರು ಕೇಳಬಾರದು, ಪಡೆದವರು ಮರೆಯಬಾರದು ಎಂದು ಹಿರಿಯ ಟೀಚರ್ ಹೇಳಿದರು. ಮರೆಯದಿರುವುದಕ್ಕೆ ತಲೆ ತಗ್ಗಿಸಬೇಕಾಗಿಲ್ಲ ಎಂದೂ ಸೇರಿಸಿದರು. ಹುಡುಗಿಯರು ಎಷ್ಟು ಒಪ್ಪಿದರೋ ತಿಳಿಯದು. ಒಬ್ಬಳಂತೂ, ಚೀಲದ ಝಿಪ್ ಒಂದೇ ತಿಂಗಳಲ್ಲಿ ಹೋಯಿತು ಎಂದಳು!

ಕನ್ನಡಕದ ಹುಡುಗಿ ತನ್ನ ವಾಕ್ಯವನ್ನು ತಿದ್ದಿ ಬರೆದಳು. ಉಮ್ಮ ಬಾರೋ ಮಾಡಿದರು, ಪಕ್ಕದ ಮನೆಯ ಅಕ್ಕ ಲೆಂಡ್ ಮಾಡಿದರು. ಮೂರನೆಯ ವಾಕ್ಯ ಅವಳೇ ಸೇರಿಸಿದ್ದು: ಅಕ್ಕನ ಮಗನಿಗೆ ಎಸ್ಸೆಸ್ಸೆಲ್ಸಿ ಗಣಿತ ಕಲಿಸಿದ್ದು ನನ್ನ ಅಣ್ಣ. ಮನೆಯಲ್ಲಿ ಅದನ್ನು ಉಮ್ಮನಿಗೆ ಬ್ಯಾರಿಯಲ್ಲಿ ಹೇಳಿ ಕೇಳಿಸಿದಳಂತೆ. ಬೀಡಿಯ ಮೊರದಿಂದ ಕಣ್ಣೆತ್ತದೆ ಕೇಳಿದ ಉಮ್ಮ, ಅಕ್ಕನಿಗೆ ಇನ್ನೂ ಮುನ್ನೂರು ಬಾಕಿ ಇದೆ, ಅದನ್ನೂ ಬರಿ ಎಂದರಂತೆ.

“ಬಾಕಿಗೆ ಏನು ಟೀಚರ್?”

“ಡ್ಯೂ. ಡಿ, ಯು, ಇ.”

ಅವಳು ಬರೆದುಕೊಂಡಳು. ಇಬ್ಬನಿಗೂ ಡ್ಯೂ ಎನ್ನುತ್ತಾರೆ, ಅದರ ಸ್ಪೆಲ್ಲಿಂಗ್ ಬೇರೆ ಎನ್ನುವಷ್ಟರಲ್ಲಿ ಅಸರ್‌ನ ಬಾಂಗ್ ಆಯಿತು.