ಗೋದಲಿ ಕಟ್ಟುವ ಕೈಗಳು

ಕ್ರಿಸ್ತಜಯಂತಿ ಸಮೀಪಿಸಿದಂತೆ ತರೀಕೆರೆಯ ಕ್ರೈಸ್ತ ಮನೆಗಳ ಮಕ್ಕಳಿಗೆ ಜೇಡಿಮಣ್ಣಿನ ಚಿಂತೆ ಹತ್ತುತ್ತದೆ. ಗೋದಲಿ ಎಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ತಾಯಿ ಮರಿಯಳು ಹಸುಗೂಸು ಯೇಸುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳೆಂದು ಸಂತ ಲೂಕನು ಬರೆದಿದ್ದಾನೆ. ಆ ಕೊಟ್ಟಿಗೆಯನ್ನು ಮನೆಯ ಮೂಲೆಯಲ್ಲಿ ಕಟ್ಟುವ ಕೆಲಸ ಮಕ್ಕಳದು. ಅಡಕೆಯ ಹಾಳೆ ಅದಕ್ಕೆ ಮಾಡು. ಬತ್ತದ ಹುಲ್ಲು ಹಾಸಿಗೆ. ತಟ್ಟೆಯ ಮಣ್ಣಿನಲ್ಲಿ ಕೆಲವು ದಿನ ಮೊದಲೇ ಚೆಲ್ಲಿದ ರಾಗಿ ಮೊಳೆತು ಹುಲ್ಲುಗಾವಲಾಗುತ್ತದೆ. ಹಿನ್ನೆಲೆಗೆ ಕಾಗದವನ್ನು ಮುದುಡಿ ನಿಲ್ಲಿಸಿದ ಬೆಟ್ಟ ಬೆತ್ಲೆಹೇಮಿನದೆಂದು ಹೆಸರಿಗೆ ಹೇಳಿದರೂ, ನೋಡಿದವರಿಗೆ ಅದು ಕೆಮ್ಮಣ್ಣುಗುಂಡಿಯಂತೆಯೇ ತೋರುತ್ತದೆ.

ಈ ಆಟಕ್ಕೆ ದೊಡ್ಡವರ ಒಪ್ಪಿಗೆ ಸುಲಭವಾಗಿ ದೊರೆಯುವುದಿಲ್ಲ. "ಮಣ್ಣಾಟ ಸಾಕು, ಕೈ ತೊಳೆದು ಪ್ರಾರ್ಥನೆಗೆ ಬಾ" ಎಂಬ ಕೂಗು ಒಳಗಿನಿಂದ ಬರುತ್ತದೆ. ಆದರೆ ಮಗು ಅಷ್ಟು ಹೊತ್ತು ಮಾಡುತ್ತಿದ್ದುದು ಪ್ರಾರ್ಥನೆಯಲ್ಲದೆ ಮತ್ತೇನು?

ಅಸಿಸಿಯ ಸಂತ ಫ್ರಾನ್ಸಿಸನಿಗೆ ಈ ಸಂದೇಹವಿರಲಿಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅವನು ಹುಲ್ಲು ತುಂಬಿದ ಗೋದಲಿಯನ್ನು ಸಿದ್ಧಪಡಿಸಿ, ಜೀವಂತ ಎತ್ತನ್ನೂ ಕತ್ತೆಯನ್ನೂ ತರಿಸಿ ನಿಲ್ಲಿಸಿದನು. ಆ ಕೂಸು ಪಟ್ಟ ಕಷ್ಟವನ್ನು ಕಣ್ಣಾರೆ ಕಾಣಬೇಕೆಂಬುದೇ ಅವನ ಹಂಬಲವಾಗಿತ್ತು. ಓದಿ ತಿಳಿದುದು ಅವನಿಗೆ ಸಾಲದಾಯಿತು. ಸೋಜಿಗವೆಂದರೆ, ಲೂಕನ ಕಥೆಯಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ! ಹೀಗಿರುವಾಗ ತರೀಕೆರೆಯ ಹುಡುಗನೊಬ್ಬನು ಭದ್ರಾ ಕಾಡಿನ ಆನೆಯೊಂದನ್ನು ಕುರಿಗಳ ಪಕ್ಕದಲ್ಲಿ ನಿಲ್ಲಿಸಿದರೆ ಆಕ್ಷೇಪಿಸುವವರು ಯಾರು?

1954ರಲ್ಲಿ ರೋಮಿನಲ್ಲಿ ಬೈಬಲ್ ವಿದುಷಿ ಸೋಫಿಯಾ ಕವಲ್ಲೆತ್ತಿಯವರು, ಮಾಂಟೆಸೊರಿ ಶಿಕ್ಷಕಿ ಜಿಯಾನ್ನಾ ಗೊಬ್ಬಿಯವರೊಡನೆ ಮಕ್ಕಳ ಧರ್ಮಬೋಧನೆಯ ಹೊಸ ಕ್ರಮವೊಂದನ್ನು ಆರಂಭಿಸಿದರು. ಕುರುಬ, ಕುರಿ, ಕುರಿದೊಡ್ಡಿಗಳ ಪುಟ್ಟ ಗೊಂಬೆಗಳನ್ನು ಮಕ್ಕಳ ಕೈಗೇ ಕೊಡುವುದು ಆ ಕ್ರಮ. ಕುರಿಗಳನ್ನು ಒಂದೊಂದಾಗಿ ಸರಿಸುತ್ತ ಮಕ್ಕಳು ತಾವಾಗಿಯೇ ಮೌನದಲ್ಲಿ ಮುಳುಗುವುದನ್ನು ಅವರು ಕಂಡರು. ಮಾತಿಗೆ ಸಿಕ್ಕದ ಮೊರೆಯೂ ಉಂಟಷ್ಟೆ. ತಾಯಿ ಕಾಯಿಲೆಯಿಂದ ಮಲಗಿರುವ ಮನೆಯ ಮಗುವಿಗೆ "ದೇವರೆ, ಅಮ್ಮನನ್ನು ಉಳಿಸು" ಎನ್ನಲು ಗಂಟಲು ಕಟ್ಟೀತು. ಆದರೆ ಗೋದಲಿಯ ಬದಿಯಲ್ಲಿ ಮಣ್ಣಿನ ಮಂಚವೊಂದನ್ನು ಮಾಡಿ, ಅದರ ಮೇಲೊಂದು ಗೊಂಬೆಯನ್ನು ಮಲಗಿಸಲು ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಈಗ ಅಂಗಡಿಗಳಲ್ಲಿ ಬಣ್ಣ ಹಚ್ಚಿದ ಗೊಂಬೆಗಳು ಜೊತೆಜೊತೆಯಾಗಿ ದೊರೆಯುತ್ತವೆ. ಅವು ಅಂದವಾಗಿವೆ, ನಿಜ. ಮುರಿದಾವೆಂಬ ಭಯದಿಂದ ಮಕ್ಕಳನ್ನು ಹತ್ತಿರ ಸೇರಿಸದ ಮನೆಗಳೂ ಉಂಟು. ಕೊಂಬು ಸೊಟ್ಟಗಾದ ಮಣ್ಣಿನೆತ್ತಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಮಗುವಿನ ಬೆರಳ ಗುರುತು ಇರುವುದು ಮಾತ್ರ ಆ ಎತ್ತಿನ ಬೆನ್ನ ಮೇಲೆ.

ಒಂದೊಂದು ಒಳ್ಳೆಯ ಕೆಲಸಕ್ಕೆ ಒಂದೊಂದು ಹುಲ್ಲುಕಡ್ಡಿಯನ್ನು ಗೋದಲಿಗೆ ಹಾಕುವ ಪದ್ಧತಿಯೂ ಇದೆ. ಜಗಳವಾಡಿದ ತಮ್ಮನಿಗೆ ಮಿಠಾಯಿಯ ಪಾಲು ಕೊಟ್ಟರೆ ಒಂದು ಕಡ್ಡಿ. ಕೂಸಿನ ಹಾಸಿಗೆ ಅಷ್ಟು ಮೆತ್ತಗಾಯಿತು. ಡಿಸೆಂಬರ್ 24ರ ರಾತ್ರಿಯವರೆಗೆ ಗೋದಲಿ ಬರಿದಾಗಿಯೇ ಇರುತ್ತದೆ. ಅಂದು ಕೂಸು ಬರುತ್ತದೆ. ಮೂಡಣದ ಜ್ಞಾನಿಗಳಿಗೆ ಮಾತ್ರ ಇನ್ನೂ ದಾರಿ ಸವೆದಿಲ್ಲ. ದೂರದ ಕಿಟಕಿಯ ಬಳಿಯಿಂದ ದಿನಕ್ಕೊಂದು ಗೇಣು ನಡೆದು ಅವರು ಜನವರಿ 6ಕ್ಕೆ ತಲುಪಬೇಕು. ಇವತ್ತು ಒಂಟೆಯನ್ನು ಸರಿಸುವ ಸರದಿ ಯಾರದೆಂದು ಮಕ್ಕಳಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.